ಆನ್‌ಲೈನ್ ಹರಾಜು ನಡೀತಿರುವಾಗಲೇ ಮಾರುವವರ ಹತ್ತಿರ ಒಳಗೊಳಗೇ ವ್ಯಾಪಾರ ಮುಗಿಸಬಹುದಾ?
ಬೇಡ. ಹಳೇ ನಾಣ್ಯಕ್ಕೆ ನಿಮ್ಮ ಬಿಡ್ 1,400ಕ್ಕೆ ನಿಂತಿದೆ, ಇನ್ನೂ ಎರಡು ದಿನ ಬಾಕಿ ಇದೆ, ಮಾರುವವರು ಇನ್‌ಬಾಕ್ಸಿಗೆ ಬಂದು "2,000 ಯುಪಿಐ ಮಾಡಿ, ಈಗಲೇ ಲಿಸ್ಟಿಂಗ್ ತೆಗೀತೀನಿ" ಅಂದಿದ್ದಾರೆ ಅಂತ ಬರೆದಿದ್ದೀರಿ. ದುಡ್ಡು ಮುಳುಗುತ್ತಾ ಅನ್ನೋದು ನಿಮ್ಮ ಚಿಂತೆ. ನನಗೆ ಚಿಂತೆ ಇರೋದು ನಿಮ್ಮ ಹಿಂದೆ ಬಿಡ್ ಹಾಕಿ ಕಾಯ್ತಿರೋರದ್ದು.

ಯಾಕಂದ್ರೆ ಇದೇ ಕೆಲಸ ನಾನೂ ಮಾಡಿದ್ದೀನಿ. ನಾನಿರೋದು ದಾವಣಗೆರೆ, ಸೇರಿಸೋದು ಮೈಸೂರು ಸೀಮೆಯ ತಾಮ್ರದ ನಾಣ್ಯ. ಒಮ್ಮೆ ಹರಾಜಿಗೆ ಟಿಪ್ಪು ಕಾಲದ ಆನೆ ಪೈಸೆ ಬಂತು. ಒಂದು ಮುಖಕ್ಕೆ ಆನೆ, ಇನ್ನೊಂದಕ್ಕೆ ಪಾರ್ಸಿಯಲ್ಲಿ 'ಫರ್ರುಖ್‌ಯಾಬ್ ಹಿಸಾರ್'. ಅಂದ್ರೆ ನಮ್ಮ ಚಿತ್ರದುರ್ಗದ ಟಂಕಸಾಲೆ. ಟಿಪ್ಪು ಊರಿಗೆ ಇಟ್ಟ ಹೆಸರು ಅದು. ಶ್ರೀರಂಗಪಟ್ಟಣದ್ದಾದ್ರೆ ಬೇಕಾದಷ್ಟು ಸಿಗುತ್ತೆ, ದುರ್ಗದ್ದು ಹಂಗೆ ಸಿಗಲ್ಲ. ಆಸೆ ತಡೀಲಿಲ್ಲ. ನಾನೇ ಮೆಸೇಜ್ ಹಾಕಿ, ನಾಲ್ಕು ಕಾಸು ಜಾಸ್ತಿ ಹೇಳಿ, ಲಿಸ್ಟಿಂಗ್ ತೆಗೆಸಿದೆ.

ಹದಿನೈದು ದಿನ ಕಳೆದು ದುರ್ಗದ ಹಿರಿಯರೊಬ್ಬರು ಬಂದ್ರು. ಟಿಪ್ಪು ನಾಣ್ಯದ ಮೌಲೂದಿ ಇಸವಿಯನ್ನ (ಟಿಪ್ಪು ತಾನೇ ಜಾರಿಗೆ ತಂದ ವರ್ಷದ ಲೆಕ್ಕ) ಬಲದಿಂದ ಎಡಕ್ಕೆ ಓದೋದು ನನಗೆ ಕಲಿಸಿದವರೇ ಅವರು. ಮಂಡಕ್ಕಿ ಮಿರ್ಚಿ ತಿಂತಾ ಮೊಬೈಲು ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದ್ರು. ಆನೆ ಸೊಂಡಿಲ ಮುಂದೆ ಅಂಚಿನಲ್ಲಿ ಸಣ್ಣ ಕಚ್ಚು. "ನಮ್ಮೂರಿಂದೇ ನೋಡಪ್ಪ. ಕೊನೇ ಗಂಟೆಗಂತ ಮೂರು ಸಾವಿರ ತೆಗೆದಿಟ್ಟಿದ್ದೆ. ಇದ್ದಕ್ಕಿದ್ದಂಗೆ ಮಾಯ!" ಆ ಕಚ್ಚಿನ ಪೈಸೆ ನನ್ನ ಬ್ಯಾಗಲ್ಲೇ ಇತ್ತು. ಅವರಿಗೆ ತೋರಿಸೋಣ ಅಂತಲೇ ತಂದಿದ್ದೆ. ಹೊರಗೆ ತೆಗೀಲಿಲ್ಲ. ಇವತ್ತಿಗೂ ಹೇಳಿಲ್ಲ.

ಇನ್ನು ನಿಮ್ಮ ಚಿಂತೆಗೆ ಬರ್ತೀನಿ. ಇಬೇ ಅನ್ನೋ ಹರಾಜು ಸೈಟಿನಲ್ಲಿ ಹಿಂಗೆ ಹೊರಗೆ ವ್ಯಾಪಾರ ಮಾಡೋದು ನಿಯಮಕ್ಕೇ ವಿರುದ್ಧ. ಮಾಲು ಬರದಿದ್ರೆ ಇಬೇಯ 'ಹಣ ವಾಪಸ್' ಭರವಸೆಯೂ ಅನ್ವಯಿಸಲ್ಲ. ಯುಪಿಐನಲ್ಲಿ ಹೋದ ದುಡ್ಡನ್ನ ನೀವಾಗೇ ಎಳ್ಕೊಳ್ಳೋಕೆ ಬರಲ್ಲ. ಮೋಸ ಆದ್ರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅದೂ ಅಲ್ಲದೆ ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ಪ್ರಾಚೀನ ವಸ್ತು. ನಾಳೆ ಯಾರಾದ್ರೂ 'ಎಲ್ಲಿಂದ ತಂದ್ರಿ' ಅಂದ್ರೆ ತೋರಿಸೋಕೆ ಬಿಲ್ಲಾದ್ರೂ ಇರಲಿ. ಇನ್‌ಬಾಕ್ಸ್ ವ್ಯಾಪಾರದಲ್ಲಿ ಅದೂ ಇರಲ್ಲ.

ಹರಾಜು ಮುಗಿದು ಮಾಲು ಉಳಿದ್ರೆ 'ಕೊಡ್ತೀರಾ' ಅಂತ ಕೇಳೋದರಲ್ಲಿ ತಪ್ಪಿಲ್ಲ, ಆದ್ರೆ ದುಡ್ಡು ಸೈಟಿನ ಮೂಲಕವೇ ಹೋಗಲಿ. ಗೆದ್ದವರು ದುಡ್ಡು ಕೊಡದೆ ಕೈಕೊಟ್ಟಾಗ ಎರಡನೆಯವರಿಗೆ ಕೊಡೋಕೆ ಇಬೇಯಲ್ಲೇ 'ಸೆಕೆಂಡ್ ಚಾನ್ಸ್ ಆಫರ್' ಇದೆ. ಅದು ಬಂದ್ರೆ ಧಾರಾಳವಾಗಿ ತಗೊಳ್ಳಿ.

ಸದ್ಯಕ್ಕೆ ಅವರಿಗೆ "ಹರಾಜು ಮುಗೀಲಿ ಸಾರ್, ಬಿಡ್ ಹಾಕೇ ತಗೋತೀನಿ" ಅಂತ ಬರೀರಿ, ಜಗಳ ಬೇಡ. 2,000 ಕೊಡೋಕೆ ಮನಸ್ಸಿದ್ರೆ ಅದನ್ನೇ ಗರಿಷ್ಠ ಬಿಡ್ ಅಂತ ಹಾಕಿಡಿ. ಎದುರಿಗೆ ಇನ್ಯಾರೂ ಏರಿಸದಿದ್ರೆ ಸಿಸ್ಟಮ್ಮು ತಾನಾಗೇ ಅಷ್ಟಕ್ಕೆ ಹೋಗಲ್ಲ, 1,400ರ ಆಸುಪಾಸಲ್ಲೇ ನಾಣ್ಯ ನಿಮ್ಮ ಮನೆಗೆ ಬಂದ್ರೂ ಬಂತು.