ನಿಮ್ಮ ಪತ್ರದ ‘ಅವರು’ ಮತ್ತು ‘ಇವಳು’

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಮೂರು ಬಾರಿ ಓದಿದೆ. ಬರೆದವರು 14 ತಿಂಗಳ ಗಂಡು ಮಗುವಿನ ತಾಯಿ. ರಜೆ ಮುಗಿಯುತ್ತಾ ಬಂದಿದೆ, ಕೆಲಸಕ್ಕೆ ಹೋಗಬೇಕು. ಮಗುವನ್ನು ನೋಡಿಕೊಳ್ಳುವ ಕೆಲಸ ಕೇಳಿಕೊಂಡು ಇಬ್ಬರು ಬಂದಿದ್ದಾರೆ. ಮುಂದಿನದು ಅವರ ಮಾತಲ್ಲೇ ಇರಲಿ:

“ಮೊದಲು ಬಂದವರು ಶಿಶುಪಾಲನೆಯ ಕೋರ್ಸ್ ಮಾಡಿದ್ದಾರೆ. ಅವರು ವಾರದ ಟೈಮ್‌ಟೇಬಲ್ ಬರೆದುಕೊಂಡೇ ಬಂದಿದ್ದರು. ಚಿತ್ರದ ಕಾರ್ಡು, ಬಣ್ಣ, ಅಕ್ಷರ, ಎಣಿಕೆ ಎಲ್ಲಾ ಅದರಲ್ಲಿದೆ. ಎರಡನೆಯವಳಿಗೆ ಐವತ್ತು ದಾಟಿದೆ. ಇವಳು ಏನೂ ಕಲಿತಿಲ್ಲ. ಮೂರು ಮನೆಯ ಮಕ್ಕಳನ್ನು ಸಾಕಿದ್ದಾಳಂತೆ. (ನಾವು ಮಾತಾಡುತ್ತಿದ್ದಾಗ ಮಗು ಡಬ್ಬಿಯ ಮುಚ್ಚಳವನ್ನು ಸೋಫಾ ಕೆಳಗೆ ತಳ್ಳಿದ. ಇವಳು ನೆಲಕ್ಕೆ ಕೆನ್ನೆಯಿಟ್ಟು ಅವನ ಜೊತೆ ಇಣುಕುತ್ತಿದ್ದಳೇ ಹೊರತು ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.) ನಮಗೆ ಮಗುವನ್ನು ಸುಮ್ನೆ ಕಾಯುವವರು ಬೇಡ, ಅವನ ಬೆಳವಣಿಗೆಗೆ ಏನಾದರೂ ಸೇರಿಸುವವರು ಬೇಕು. ಯಾರನ್ನು ಆರಿಸಲಿ? ಮಗು ಅವರನ್ನು ಏನಂತ ಕರೆಯಬೇಕು?”

ತಾಯಿ, ನಿಮ್ಮ ಪತ್ರದಲ್ಲಿ ಮುಖ್ಯವಾದ ಸಂಗತಿ ಒಂದೇ ಒಂದು. ಅದನ್ನು ನೀವು ಕಂಸದೊಳಗೆ ಹಾಕಿಬಿಟ್ಟಿದ್ದೀರಿ!

ಮೊದಲು ಕೋರ್ಸ್ ಮಾಡಿದವರ ಪರವಾಗಿ ಒಂದು ಮಾತು. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು, ಯಾವ ಜ್ವರಕ್ಕೆ ಡಾಕ್ಟರ ಹತ್ತಿರ ಓಡಬೇಕು, ಇಂಥವನ್ನು ಕಲಿತೇ ಇರಬೇಕು. ಅದರಲ್ಲಿ ಎರಡು ಮಾತಿಲ್ಲ. ಎರಡನೆಯವರನ್ನು ಇಟ್ಟುಕೊಂಡರೂ ಪ್ರಥಮ ಚಿಕಿತ್ಸೆಯ ತರಬೇತಿಗೆ ನಿಮ್ಮ ಖರ್ಚಲ್ಲೇ ಕಳಿಸಿ. ನೀವೂ ಹೋಗಿ. ಸರಿ, ಆ ಕಡೆಯ ವಾದ ಮುಗಿಯಿತು.

ಈಗ ಸೋಫಾ ಕೆಳಗಿನ ಮುಚ್ಚಳಕ್ಕೆ ಬರೋಣ. ಕಣ್ಣಿಗೆ ಕಾಣದ್ದು ಇಲ್ಲವಾಗಿ ಹೋಯಿತೋ, ಅಲ್ಲೇ ಇದೆಯೋ? ಪುಟ್ಟ ಮಕ್ಕಳು ಇದನ್ನು ತಳ್ಳಿ, ಬೀಳಿಸಿ, ಮುಚ್ಚಿ, ತೆರೆದು ದಿನಕ್ಕೆ ನೂರು ಸಲ ಪರೀಕ್ಷೆ ಮಾಡುತ್ತವೆ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ತಮ್ಮ ಮೂರು ಮಕ್ಕಳ ಇಂಥ ಆಟಗಳನ್ನೇ ನೋಡುತ್ತಾ ಕೂತು, ಬರೆದಿಟ್ಟು, ಮಕ್ಕಳ ಮನಸ್ಸಿನ ದೊಡ್ಡ ವಿಜ್ಞಾನಿ ಎನಿಸಿಕೊಂಡರು. ನಿಮ್ಮ ಮನೆಗೆ ಬಂದ ಹೆಂಗಸು ಅದನ್ನೇ ಮಾಡಿದರೆ ಉತ್ತರ ಕೊಡಲಿಲ್ಲ ಅಂತ ದೂರು. ಆಕೆ ಯಾರ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟರು, ಗಮನಿಸಿದಿರಾ?

ಕಾರ್ಡುಗಳ ಬಗ್ಗೆ ನನಗೆ ಹಳೆಯ ಸಿಟ್ಟಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಸಿಟ್ಟಿನ ಹಿಂದೆ ಸ್ವಲ್ಪ ಓದೂ ಇದೆ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳು. ಕೆಲವು ಕೂಸುಗಳ ಎದುರು ಚೀನೀ ಮಾತಾಡುವವರು ಬಂದು ಕೂತು, ಆಡಿಸಿ, ಪುಸ್ತಕ ಓದಿದರು. ಒಮ್ಮೆಗೆ 25 ನಿಮಿಷದಂತೆ 12 ಸಲ, ಅಷ್ಟೇ. ಆ ಕೂಸುಗಳು ಚೀನೀ ಭಾಷೆಯ ಸೂಕ್ಷ್ಮ ಧ್ವನಿಗಳನ್ನು ಬೇರೆ ಮಾಡಿ ಗುರುತಿಸತೊಡಗಿದವು. ಇನ್ನು ಕೆಲವಕ್ಕೆ ಅದೇ ಮಾತು, ಅದೇ ಆಟವನ್ನು ಟಿವಿಯಲ್ಲಿ ತೋರಿಸಿದರು. ಏನೂ ಕಲಿಯಲಿಲ್ಲ. ಸೊನ್ನೆ. ಎದುರಿಗೆ ಕೂತವರು ಮಗುವಿನ ಕಣ್ಣು ಹೋದ ಕಡೆ ತಾವೂ ನೋಡುತ್ತಾರೆ, ಅದು ‘ಹ್ಞಾ’ ಅಂದರೆ ತಾವೂ ಏನೋ ಅನ್ನುತ್ತಾರೆ. ಟಿವಿಗೆ ಅದು ಬರುವುದಿಲ್ಲ. ಸೋಮವಾರ ಬಣ್ಣ, ಮಂಗಳವಾರ ಎಣಿಕೆ ಅಂತ ಬರೆದಿಟ್ಟ ಟೈಮ್‌ಟೇಬಲ್‌ಗಂತೂ ಕಣ್ಣೇ ಇಲ್ಲ.

ನನ್ನ ಮಗಳನ್ನು ನಾಲ್ಕು ವರ್ಷ ಒಬ್ಬರು ನೋಡಿಕೊಂಡರು. ಒಂದು ಮಧ್ಯಾಹ್ನ ನಾನು ಜ್ವರ ಬಂದು ಮನೆಯಲ್ಲಿದ್ದೆ. ಅವರು ಒಗೆದ ಬಟ್ಟೆ ಗುಡ್ಡೆ ಹಾಕಿಕೊಂಡು ಮಡಚುತ್ತಿದ್ದರು. ಪಕ್ಕದಲ್ಲಿ ಮಗಳು. “ಅಯ್ಯೋ, ಈ ಸಾಕ್ಸಿನ ತಮ್ಮ ಎಲ್ಲೋ ತಪ್ಪಿಸಿಕೊಂಡಿದ್ದಾನಲ್ಲ, ಪಾಪ, ಇವನು ಒಬ್ಬನೇ ಅಳ್ತಾ ಇದ್ದಾನೆ” ಅಂದರು. ಮಗಳು ಗುಡ್ಡೆಯೊಳಗೆ ತಲೆ ತೂರಿಸಿ ಒಂದನ್ನು ಎಳೆದಳು. “ಇವನು ನೀಲಿ, ಬೇರೆ ಮನೆಯವನು. ಇವರದು ಗೆರೆಗೆರೆ ಇರೋ ಮನೆ.” ಮತ್ತೆ ಹುಡುಕಾಟ. ನನ್ನ ಶರ್ಟಿನ ಗುಂಡಿ ಹಾಕುವುದಕ್ಕೇ ಹತ್ತು ನಿಮಿಷ, ಏಕೆಂದರೆ ಹಾಕುತ್ತಿದ್ದದ್ದು ಎರಡೂವರೆ ವರ್ಷದ ಬೆರಳುಗಳು. ನಾನಾಗಿದ್ದರೆ ಐದೇ ನಿಮಿಷದಲ್ಲಿ ಎಲ್ಲ ಮಡಚಿಟ್ಟು ಫೋನ್ ಹಿಡಿಯುತ್ತಿದ್ದೆ. ಬಣ್ಣ, ಎಣಿಕೆ, ಜೋಡಿಸುವುದು, ಕಥೆ, ಎಲ್ಲ ಅಲ್ಲೇ ಆಗಿಹೋಯಿತು. ಪಾಠ ನಡೆಯಿತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಅವರ ಹತ್ತಿರ ಇದ್ದದ್ದು ಪುರುಸೊತ್ತು. ನೀವು ಹುಡುಕಬೇಕಾದದ್ದು ಅದನ್ನೇ.

ಹುಡುಕುವುದು ಹೇಗೆ ಅಂತ ಕೇಳುತ್ತೀರಿ. ಸಂದರ್ಶನದಲ್ಲಿ ‘ನಿಮಗೆ ಮಕ್ಕಳೆಂದರೆ ಇಷ್ಟವಾ’ ಅಂತ ಕೇಳಬೇಡಿ. ಇಲ್ಲ ಅನ್ನುವವರು ಯಾರಿದ್ದಾರೆ? ‘ಹಿಂದೆ ನೋಡಿಕೊಂಡ ಮಗುವಿನ ಬಗ್ಗೆ ಹೇಳಿ’ ಅನ್ನಿ. ಒಳ್ಳೆಯವರು ಮಗುವಿನ ಚೇಷ್ಟೆ, ಹಠ, ಯಾವುದಕ್ಕೆ ಹೆದರುತ್ತಿತ್ತು ಅನ್ನುವುದನ್ನು ಹೇಳುತ್ತಾ ಹೇಳುತ್ತಾ ನಗುತ್ತಾರೆ. ಕೆಲಸಕ್ಕಷ್ಟೇ ಹೋಗಿದ್ದವರು ‘ಚೆನ್ನಾಗಿತ್ತು, ತೊಂದರೆ ಕೊಡುತ್ತಿರಲಿಲ್ಲ’ ಅನ್ನುತ್ತಾರೆ. ಹಳೆಯ ಮನೆಯವರಿಗೆ ಫೋನ್ ಮಾಡಿ, ಯಾಕೆ ಬಿಟ್ಟರು ಅಂತ ನೇರವಾಗಿ ಕೇಳಿ. ಇದನ್ನು ಸಂಕೋಚಕ್ಕೆ ಬಿಡಬೇಡಿ. ಆಮೇಲೆ ಒಂದೆರಡು ವಾರ ನೀವು ಮನೆಯಲ್ಲಿದ್ದಾಗಲೇ ಬರಲಿ. ಪಕ್ಕದ ಕೋಣೆಯಲ್ಲಿ ಕೂತು ಕಿವಿ ಕೊಡಿ. ಮಗುವಿಗೆ ಮಾತು ಬರದಿದ್ದರೂ ಅದರ ಜೊತೆ ಮಾತಾಡುತ್ತಿದ್ದಾರಾ? ಅಥವಾ ಬರೀ ‘ಬೇಡ, ಮುಟ್ಟಬೇಡ, ಬಾ ಇಲ್ಲಿ’ಯಾ? ನಿಮ್ಮ ಕಿವಿಗಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಈಗ ಸ್ವಲ್ಪ ಜಗಳ. ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಕೋರ್ಸ್ ಮಾಡಿದವರು ಉದ್ದಕ್ಕೂ ‘ಅವರು’. ಮೂರು ಮನೆಯ ಮಕ್ಕಳನ್ನು ಬೆಳೆಸಿದವರು, ವಯಸ್ಸಲ್ಲಿ ನಿಮಗಿಂತ ದೊಡ್ಡವರು, ‘ಇವಳು’. ಬೇಕಂತಲೇ ಬರೆದದ್ದಲ್ಲ, ಗೊತ್ತು. ಕೈ ತಾನಾಗಿ ಹಾಗೆ ಬರೆಯುತ್ತದೆ, ನಮ್ಮೆಲ್ಲರ ಕೈಯೂ. ನಮಗೆ ಮಗು ಚಿನ್ನ, ಮಗುವನ್ನು ಎತ್ತಿಕೊಂಡವರು ಏಕವಚನ. ಮಗು ಇವರಿಂದ ಭಾಷೆ ಕಲಿಯಲಿ ಅನ್ನುತ್ತೇವೆ. ಮಗು ಎಲ್ಲವನ್ನೂ ಕಲಿಯುತ್ತದೆ, ನೀವು ಅವರನ್ನು ಕರೆಯುವ ರೀತಿಯನ್ನೂ.

ವಿನ್‌ಸ್ಟನ್ ಚರ್ಚಿಲ್ ಅವರ ರಾಜಕೀಯ ನನಗೆ ಆಗಿಬರುವುದಿಲ್ಲ. ಆದರೆ ಅವರನ್ನು ಬೆಳೆಸಿದ ಎಲಿಜಬೆತ್ ಎವರೆಸ್ಟ್ ಅವರ ಕಥೆ ಓದಿದಾಗ ಆ ಹುಡುಗನ ಮೇಲೆ ಪ್ರೀತಿ ಬಂತು. ಕೂಸಾಗಿದ್ದಾಗಿನಿಂದ ಅವನನ್ನು ಸಾಕಿದವರು ಆಕೆ. 1893ರಲ್ಲಿ ಮನೆಯವರು ಇನ್ನು ಬೇಕಿಲ್ಲ ಅಂತ ಕೆಲಸದಿಂದ ಬಿಡಿಸಿದರು. ಹುಡುಗ ಸಿಟ್ಟಿಗೆದ್ದು ಅಮ್ಮನಿಗೆ ಪತ್ರ ಬರೆದ. ಎರಡು ವರ್ಷದಲ್ಲಿ ಆಕೆ ಕಾಯಿಲೆ ಬಿದ್ದಾಗ ಓಡಿ ಬಂದ. ಸಮಾಧಿಗೆ ಕಲ್ಲು ನಿಲ್ಲಿಸಿದ. ಶ್ರೀಮಂತ ಅಪ್ಪ ಅಮ್ಮ ಪಾರ್ಟಿ, ಪಾರ್ಲಿಮೆಂಟ್ ಅಂತ ಓಡಾಡುತ್ತಿದ್ದಾಗ ಅವನಿಗೆ ಪುರುಸೊತ್ತು ಮಾಡಿಕೊಂಡವರು ಆಕೆ ಒಬ್ಬರೇ.

ಇಂಥ ಅಗಲಿಕೆ ಮಗುವಿಗೆ ಎಷ್ಟು ತಟ್ಟುತ್ತದೆ ಅನ್ನುವುದನ್ನು ಜಗತ್ತಿಗೆ ಹೇಳಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೋಲ್ಬಿ. 1907ರಲ್ಲಿ ಹುಟ್ಟಿದವರು. ಅವರನ್ನು ಹಚ್ಚಿಕೊಂಡು ಸಾಕಿದ್ದ ಹುಡುಗಿ ಅವರಿಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ಕೆಲಸ ಬಿಟ್ಟು ಹೋದಳು. ಅದು ಹೆಚ್ಚುಕಡಿಮೆ ತಾಯಿಯನ್ನು ಕಳಕೊಂಡಷ್ಟೇ ನೋವು ಅಂತ ಅವರು ಮುಂದೆ ಬರೆದರು. (ನೋಡಿ, ನನ್ನ ಕೈಯಲ್ಲೂ ‘ಹೋದಳು’ ಬಂತು. ಅಳಿಸದೆ ಹಾಗೇ ಬಿಟ್ಟಿದ್ದೇನೆ.)

ಬೋಲ್ಬಿಯವರನ್ನು ಓದಿದ್ದು ನಾನು ತಪ್ಪು ಮಾಡಿದ ಮೇಲೆ. ಮಗಳು ಶಾಲೆಗೆ ಸೇರಿದಳು, ಇನ್ನು ಬೇಕಾಗಿಲ್ಲ ಅಂತ ನಾವು ಆ ಸಾಕ್ಸಿನ ಕಥೆಯವರಿಗೆ ಒಂದೇ ವಾರದಲ್ಲಿ ಲೆಕ್ಕ ಮುಗಿಸಿದೆವು. ಹೆಚ್ಚು ದುಡ್ಡು ಕೊಟ್ಟೆವು, ಸೀರೆ ಕೊಟ್ಟೆವು, ಧಾರಾಳಿಗಳು ಅಂದುಕೊಂಡೆವು. ಮಗಳು ಒಂದು ತಿಂಗಳು ಬೆಳಗ್ಗೆ ಬಾಗಿಲ ಹತ್ತಿರ ನಿಂತು ಚಪ್ಪಲಿ ಸದ್ದಿಗೆ ಕಾದಳು.

ಹಾಗಾಗಿ ಯಾರನ್ನೇ ಇಟ್ಟುಕೊಳ್ಳಿ, ಉಳಿಯುವಂತೆ ಇಟ್ಟುಕೊಳ್ಳಿ. ಮನೆಗೆಲಸದವರ ಹಕ್ಕುಗಳ ಬಗ್ಗೆ 2011ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದ ಬಂದಿದೆ. ವಾರಕ್ಕೊಮ್ಮೆ ಸತತ 24 ಗಂಟೆಯಾದರೂ ಬಿಡುವು ಕೊಡಬೇಕು, ಕೆಲಸ ಸಂಬಳ ಏನೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿರಬೇಕು, ಸಾಧ್ಯವಾದರೆ ಅದು ಬರಹದಲ್ಲೇ ಇರಬೇಕು ಅನ್ನುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೆ? ಮಗು ಮಲಗಿದಾಗ ಪಾತ್ರೆ ತೊಳೆದುಬಿಡಿ, ಎದ್ದ ಮೇಲೆ ಹಾಗೇ ಗುಡಿಸಿಬಿಡಿ ಅಂತ ‘ಬಿಡಿ’ಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುತ್ತೇವೆ. ಅವರ ಪುರುಸೊತ್ತನ್ನೆಲ್ಲ ನಾವೇ ತಿಂದು, ಮಗುವಿನ ಜೊತೆ ಕೂರಲಿಲ್ಲ ಅಂತ ಸಂಜೆ ಮುಖ ಊದಿಸಿಕೊಳ್ಳುತ್ತೇವೆ. ಮಗುವನ್ನು ನೋಡಿಕೊಳ್ಳುವುದು ಇಡೀ ದಿನದ ಕೆಲಸ ಅನ್ನುವುದು ರಜೆಯಲ್ಲಿ ಮನೆಯಲ್ಲೇ ಇದ್ದ ನಿಮಗೆ ನಾನು ಹೇಳಬೇಕಾ?

ಏನಂತ ಕರೆಯಬೇಕು ಅಂತ ಕೇಳಿದ್ದಿರಿ. ಅದನ್ನು ಮಗುವಿಗೇ ಬಿಡಿ. ಚರ್ಚಿಲ್‌ಗೆ ಆಕೆ ‘ವೂಮ್’. ನನ್ನ ಮಗಳು ‘ತ್ತತ್ತಾ’ ಅನ್ನುತ್ತಿದ್ದಳು, ಅರ್ಥ ಇವತ್ತಿಗೂ ಗೊತ್ತಿಲ್ಲ. ನಿಮ್ಮವನ ಬಾಯಿಗೂ ಏನೋ ಒಂದು ಬರುತ್ತದೆ. ನೀವು ಮಾತ್ರ ಮುಂದಿನ ಪತ್ರದಲ್ಲಿ ‘ಅವರು’ ಅಂತ ಬರೆಯಿರಿ. ಆ ಮುಚ್ಚಳ ಕೊನೆಗೆ ಸಿಕ್ಕಿತಾ ಅನ್ನುವುದನ್ನೂ.