ಪಾಲು ಅಂದರೆ ಹಾಲೋ, ಹಿಸ್ಸೆಯೋ? ಕೋಲಾರದ ಕಡೆಯಿಂದ ಉತ್ತರ

ಶಿವಮೊಗ್ಗ, ಧಾರವಾಡದ ಕಡೆಯಿಂದ ಕೋಲಾರಕ್ಕೋ ಚಿಕ್ಕಬಳ್ಳಾಪುರಕ್ಕೋ ವರ್ಗವಾಗಿ ಬಂದವರಿಗೆ ಮೊದಮೊದಲು ತಲೆಕೆಡಿಸುವ ಪದ ‘ಪಾಲು’. ಡೇರಿ ಮುಂದೆಯೂ ಪಾಲು, ಅಣ್ಣತಮ್ಮಂದಿರ ಜಗಳದಲ್ಲೂ ಪಾಲು. ಎರಡೂ ಸರಿಯೇ. ಹೇಳುವವರು ಆ ಗಳಿಗೆಯಲ್ಲಿ ಯಾವ ಭಾಷೆಯಲ್ಲಿದ್ದಾರೆ ಅನ್ನೋದರ ಮೇಲೆ ಅರ್ಥ ನಿಲ್ಲುತ್ತದೆ. ನಮ್ಮಲ್ಲಿ ಒಂದೇ ವಾಕ್ಯದ ನಡುವೆ ಭಾಷೆ ಬದಲಾಗುವುದುಂಟು.

ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಕೆಜಿಎಫ್, ಬಂಗಾರಪೇಟೆಗೆ ಬಂದರೆ ತಮಿಳು. ಪೇಟೆಗಳಲ್ಲಿ ಉರ್ದು. ತೆಲುಗಿನ ‘ಪಾಲು’ ನಮ್ಮ ಹಾಲು. ಕನ್ನಡದ ‘ಪಾಲು’ ಭಾಗ. ತೆಲುಗಿನಲ್ಲೂ ಭಾಗ ಅನ್ನುವ ‘ಪಾಲು’ ಬೇರೆಯಾಗಿ ಇದೆ.

ಕಿವಿಯಲ್ಲೇ ಹಿಡಿಯಲು ಒಂದು ಗುರುತಿದೆ. ತೆಲುಗಿನಲ್ಲಿ ಹಾಲು ಬಹುವಚನ, ನೀರೂ ಹಾಗೇ. ಹಾಲು ಒಡೆದರೆ ‘ಪಾಲು ವಿರಿಗಿನಾಯಿ’ ಅನ್ನುತ್ತಾರೆ. ಅಕ್ಷರಶಃ ಹೇಳಿದರೆ ‘ಹಾಲು ಒಡೆದವು’. ಭಾಗವಾದರೆ ಏಕವಚನ: ‘ನಾ ಪಾಲು ವಚ್ಚಿಂದಿ’, ನನ್ನ ಭಾಗ ಬಂತು. ಇನ್ನೊಂದು, ಪ್ರತ್ಯಯ ಹತ್ತುವ ರೀತಿ. ತೆಲುಗಿನ ಹಾಲು ‘ಪಾಲ’ ಆಗುತ್ತದೆ: ಪಾಲ ಪ್ಯಾಕೆಟ್ಟು, ಪಾಲ ಲೆಕ್ಕ. ಕನ್ನಡದ ಭಾಗಕ್ಕೆ ‘ಇನ’, ‘ಇಗೆ’ ಸೇರುತ್ತದೆ: ಪಾಲಿನ ಲೆಕ್ಕ, ಪಾಲಿಗೆ ಬಂದದ್ದು. ‘ಪಾಲ ಲೆಕ್ಕ’ ಅಂದರೆ ಡೇರಿ ಪುಸ್ತಕ, ‘ಪಾಲಿನ ಲೆಕ್ಕ’ ಅಂದರೆ ಪಂಚಾಯ್ತಿಗೆ ಕೂರುವ ವಿಷಯ. ಕಷ್ಟವಾಗುವುದು ‘ನೀಳ್ಳ ಪಾಲು’ ಅಂದಾಗ. ನೀರು ಬೆರೆಸಿದ ಹಾಲಿಗೂ ಅದೇ ಮಾತು, ನೀರುಪಾಲಾದ ಬೆಳೆಗೂ ಅದೇ ಮಾತು. ಅಲ್ಲಿ ಸಂದರ್ಭವೇ ಗತಿ.

ಹಾಲು ಅನ್ನುವ ‘ಪಾಲು’ ನಮಗೆ ಹೊರಗಿನದೇನಲ್ಲ. ಹಳಗನ್ನಡದಲ್ಲೂ ಅದು ‘ಪಾಲ್’. ಕ್ಷೀರಸಾಗರಕ್ಕೆ ‘ಪಾಲ್ಗಡಲ್’ ಎಂದೇ ಹೆಸರು. ಸುಮಾರು 10ನೇ ಶತಮಾನದಿಂದ ಆಚೆಗೆ ಪದದ ಮೊದಲ ‘ಪ’ ಕನ್ನಡದಲ್ಲಿ ಮೆಲ್ಲಮೆಲ್ಲಗೆ ‘ಹ’ ಆಯಿತು. ತೆಲುಗು, ತಮಿಳು ಆ ದಾರಿ ಹಿಡಿಯಲಿಲ್ಲ. ಹುಲಿ–ಪುಲಿ, ಹಾವು–ಪಾಮು, ಹಂದಿ–ಪಂದಿ, ಹೂವು–ಪುವ್ವು, ಹಳ್ಳಿ–ಪಲ್ಲೆ, ಹೀಗೆ ಸಾಲು ಸಾಲಾಗಿ ಜೋಡಿ ಸಿಗುತ್ತವೆ. ಬಾಗೇಪಲ್ಲಿಯ ‘ಪಲ್ಲಿ’ಯೂ ಹೊಸಹಳ್ಳಿಯ ‘ಹಳ್ಳಿ’ಯೂ ಒಂದೇ ಮಾತು. ಆದರೆ ಭಾಗ ಅನ್ನುವ ಪಾಲು ಮಾತ್ರ ಕನ್ನಡದಲ್ಲಿ ‘ಪ’ವನ್ನು ಬಿಟ್ಟುಕೊಡಲಿಲ್ಲ. ಪಾಲುದಾರ, ಪಾಲ್ಗೊಳ್ಳು, ಬೀದಿಪಾಲು, ಮಣ್ಣುಪಾಲು ಎಲ್ಲದರಲ್ಲೂ ಅದು ಹಾಗೇ ನಿಂತಿದೆ. ಅದಕ್ಕೇ ಕನ್ನಡದಲ್ಲಿ ಎರಡು ಅರ್ಥಕ್ಕೆ ಎರಡು ರೂಪ, ತೆಲುಗಿನಲ್ಲಿ ಎರಡಕ್ಕೂ ಒಂದೇ.

ತಮಿಳಿನಲ್ಲೂ ‘ಪಾಲ್’ ಅಂದರೆ ಹಾಲು, ಭಾಗ ಎರಡೂ. ತಿರುಕ್ಕುರಳಿನ ಮೂರು ಭಾಗಗಳಿಗೆ ‘ಪಾಲ್’ ಎಂದೇ ಹೆಸರಿದ್ದು, ಅದಕ್ಕೇ ಅದು ‘ಮುಪ್ಪಾಲ್’. ವ್ಯಾಕರಣದ ಗಂಡು, ಹೆಣ್ಣೂ ‘ಆಣ್‌ಪಾಲ್, ಪೆಣ್‌ಪಾಲ್’. ಆದರೆ ಕೆಜಿಎಫ್‌ನ ಅಂಗಡಿಯಲ್ಲಿ ‘ಪಾಲ್’ ಅಂದರೆ ಹಾಲು ಮಾತ್ರ. ಭಾಗಕ್ಕೆ ‘ಪಂಗು’ ಅನ್ನುತ್ತಾರೆ.

ನಮ್ಮ ಪಾಲಾರ್ ಹೊಳೆಯ ಹೆಸರಿನಲ್ಲಿರುವುದೂ ಈ ಹಾಲೇ: ಪಾಲ್ ಮತ್ತು ಆಱು, ಹಾಲಿನ ಹೊಳೆ. ಸಂಸ್ಕೃತದಲ್ಲಿ ಕ್ಷೀರನದಿ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರ ಜಿಲ್ಲೆ ದಾಟಿ ಆಂಧ್ರ, ತಮಿಳುನಾಡಿಗೆ ಹೋಗುತ್ತದೆ. ಒಟ್ಟು 348 ಕಿಲೋಮೀಟರಿನಲ್ಲಿ ನಮ್ಮ ರಾಜ್ಯದೊಳಗೆ ಹರಿಯುವುದು 93. ಬೇತಮಂಗಲದ ಕೆರೆ ಈ ಹೊಳೆಯದೇ. ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಹೋದದ್ದು ಅಲ್ಲಿಂದ. ಈ ಹಾಲಿನ ಹೊಳೆಯ ಹಿಸ್ಸೆಯ ತಕರಾರೂ ಹಳೆಯದು: ಮೈಸೂರು ಮತ್ತು ಮದ್ರಾಸ್ 1892ರಲ್ಲಿ ಮಾಡಿಕೊಂಡ ನದಿ ಒಪ್ಪಂದದ ಪಟ್ಟಿಯಲ್ಲಿ ಪಾಲಾರ್ ಇದೆ.

ಇಷ್ಟು ಒಂದೇ ದ್ರಾವಿಡ ಬಳಗದ ಮಾತು. ಉರ್ದುವಿನದು ಬೇರೆಯೇ ಮೂಲ. ‘ಏಕ್ ಪಲ್’ ಅಂದರೆ ಒಂದು ಕ್ಷಣ. ಇದು ಸಂಸ್ಕೃತದ ‘ಪಲ’ದಿಂದ ಬಂದದ್ದು. 60 ಪಲ ಸೇರಿದರೆ ಒಂದು ಘಳಿಗೆ, ಅಂದರೆ 24 ನಿಮಿಷ. ಹಾಗಾಗಿ ಒಂದು ಪಲ 24 ಸೆಕೆಂಡು. ‘ಗಾಯ್ ಪಾಲ್ನಾ’ ಅಂದರೆ ಹಸು ಸಾಕೋದು. ಹಾಲು ಕೊಡುವ ಪ್ರಾಣಿಯ ಮಾತಾದ್ದರಿಂದ ಇದರಲ್ಲಿ ನಮ್ಮ ‘ಪಾಲ್’ ಇದೆ ಅನ್ನಿಸುತ್ತದೆ, ಇಲ್ಲ. ಕಾಪಾಡು ಅನ್ನುವ ಸಂಸ್ಕೃತದ ಧಾತು ಅದು; ಪಾಲನೆ, ಪಾಲಕರು, ಗೋಪಾಲ ಎಲ್ಲವೂ ಅಲ್ಲಿಂದಲೇ. ಗೋಪಾಲ ಅಂದರೆ ಹಸುವನ್ನು ಕಾಯುವವನು, ಹಸುವಿನ ಹಾಲಲ್ಲ. ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಹಿಂದಿಯವರೊಡನೆ ವ್ಯಾಪಾರ ಮಾಡುವವರಿಗೆ ಇನ್ನೊಂದು ಗೊತ್ತಿರಲಿ: ಹಿಂದಿಯಲ್ಲಿ ‘ಪಾಲ್ ಕಾ ಆಮ್’ ಅಂದರೆ ಹುಲ್ಲಿನ ನಡುವೆ ಮುಚ್ಚಿಟ್ಟು ಹಣ್ಣಾಗಿಸಿದ ಮಾವು. ಕೊಂಬೆಯಲ್ಲೇ ಹಣ್ಣಾದದ್ದು ‘ಡಾಲ್ ಕಾ’.

ಕೆಜಿಎಫ್‌ನ ಚರ್ಚಿನ ಪಾಲ್ ಲ್ಯಾಟಿನ್ ಹೆಸರು, ಚಿಕ್ಕವನು ಎಂದರ್ಥ. ಇಂಗ್ಲಿಷಿನಲ್ಲಿ ಗೆಳೆಯನಿಗೆ ‘ಪ್ಯಾಲ್’ ಅನ್ನುತ್ತಾರಲ್ಲ, ಅದು ಪಾಲುದಾರನಿಂದ ಬಂದಿರಬೇಕು ಅಂತ ಊಹಿಸುವವರಿದ್ದಾರೆ. ಅದು ರೋಮಾನಿ ಜನರ ಮಾತು, ಅಣ್ಣತಮ್ಮ ಅನ್ನುವ ಸಂಸ್ಕೃತದ ‘ಭ್ರಾತೃ’ವಿನ ನಂಟು. ಫಿನ್ಲೆಂಡಿನ ಭಾಷೆಯಲ್ಲಿ ‘ಪಲ’ ಅಂದರೆ ತುಂಡು. ನಮ್ಮ ಪಾಲಿಗೆ ತೀರಾ ಹತ್ತಿರ, ಆದರೂ ಬರೀ ಕಾಕತಾಳೀಯ. ಒಂದು ಪದ ಹೋಲಿದ ಮಾತ್ರಕ್ಕೆ ನಂಟು ಕಟ್ಟಬಾರದು. ಹುಲಿ–ಪುಲಿಯ ಹಾಗೆ ಅದೇ ನಿಯಮದಲ್ಲಿ ಜೋಡಿಗಳ ಸಾಲು ಸಿಗಬೇಕು, ಆಗ ಮಾತ್ರ ನಂಬಿ.

ಇನ್ನು ವ್ಯವಹಾರ. ದನ ಕೊಳ್ಳುವಾಗ ‘ಪಾಲ ಆವು’ ಅಂದರೆ ತೆಲುಗಿನಲ್ಲಿ ಹಾಲು ಕರೆಯುವ ಹಸು. ‘ಪಾಲಿನ ಹಸು’ ಅಂದರೆ ಒಬ್ಬರದ್ದು, ಇನ್ನೊಬ್ಬರು ಸಾಕುತ್ತಿರುವುದು. ಅದರ ದುಡ್ಡಿನಲ್ಲಿ ಇಬ್ಬರಿಗೂ ಹಕ್ಕು. ತಪ್ಪಾಗಿ ಕೇಳಿಸಿಕೊಂಡು ಒಬ್ಬರ ಕೈಗೆ ಪೂರ್ತಿ ಹಣ ಕೊಟ್ಟರೆ ಮರುದಿನ ಇನ್ನೊಬ್ಬರು ಬಾಗಿಲಿಗೆ ಬರುತ್ತಾರೆ. ‘ಕರೆಯೋ ಹಸುವಾ, ಪಾಲಿಗೆ ಬಿಟ್ಟಿದ್ದಾ?’ ಅಂತ ನೇರ ಕೇಳಿ.

ನೀವೇ ಕಡಸನ್ನು ಪಾಲಿಗೆ ಬಿಡುವುದಾದರೆ ಮೊದಲು ‘ಅಸಲು’ ಇತ್ಯರ್ಥವಾಗಲಿ. ಲೆಕ್ಕಕ್ಕೆ, 20,000 ರೂಪಾಯಿಯ ಕಡಸು ಬೆಳೆದು 60,000ಕ್ಕೆ ಹೋಯಿತು ಅನ್ನಿ. ಅಸಲು ತೆಗೆದು ಹಂಚಿದರೆ ಒಡೆಯನಿಗೆ 40,000, ಸಾಕಿದವನಿಗೆ 20,000. ಅಸಲು ತೆಗೆಯದೆ ಸಮಪಾಲು ಅಂದರೆ ತಲಾ 30,000. ‘ಅರ್ಧ ಪಾಲು’ ಅಂತ ಇಬ್ಬರೂ ಒಪ್ಪಿ, ಒಬ್ಬೊಬ್ಬರು ಒಂದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜಗಳ ಖಾತ್ರಿ. ಕರು ಯಾರದ್ದು, ಹಾಲು ಯಾರದ್ದು, ಡಾಕ್ಟರ ಖರ್ಚು ಯಾರದ್ದು, ದನ ಸತ್ತರೆ ನಷ್ಟ ಯಾರಿಗೆ ಅನ್ನುವುದೂ ಅವತ್ತೇ ತೀರ್ಮಾನವಾಗಬೇಕು. ಚೀಟಿ ಬರೆದರೆ ‘ಪಾಲು’ ಅಂತಷ್ಟೇ ಬರೆಯಬೇಡಿ. ‘ಲಾಭದಲ್ಲಿ ಅರ್ಧ ಭಾಗ’ ಅಂತಲೋ ‘ಮಾರಿದ ಹಣದಲ್ಲಿ ಅರ್ಧ ಭಾಗ’ ಅಂತಲೋ ಬಿಡಿಸಿ ಬರೆಯಿರಿ. ‘ಭಾಗ’ ತೆಲುಗಿನವರಿಗೂ ಅದೇ ಅರ್ಥ ಕೊಡುತ್ತದೆ. ಮನೆಯಲ್ಲಿ ತೆಲುಗು ಮಾತ್ರ ಗೊತ್ತಿರುವ ಹಿರಿಯರಿದ್ದರೆ ಹೆಬ್ಬೆಟ್ಟು ಒತ್ತುವ ಮೊದಲು ಅವರಿಗೆ ತೆಲುಗಿನಲ್ಲಿ ಓದಿ ಹೇಳಿಸಿ, ಸಗಣಿ ಗೊಬ್ಬರ ಯಾರ ಹೊಲಕ್ಕೆ ಅನ್ನೋದನ್ನೂ ಸೇರಿಸಿ.