ಎರಡೂ ಕಾರ್ಡಿನ ಹುಳ ಒಂದೇ ಥರಾ ಕಾಣ್ತಾವಲ್ರಿ?

ಪ್ರಶ್ನೆ: ಸರ್, ನಮ್ದು ಕಾಲುವಿ ಕೆಳಗ ನೆಲ್ಲು, ಮ್ಯಾಲಿನ ಹೊಲದಾಗ ಹತ್ತಿ. ನೆಲ್ಲಿನ ಕಾಂಡ ಕೊರಕಕ್ಕ ಒಂದು ಟ್ರೈಕೋ ಕಾರ್ಡ್ (ಕೊರಕದ ತತ್ತಿ ಕೊಲ್ಲೋ ಸಣ್ಣ ಕಣಜ ಇರೋ ಕಾರ್ಡ್), ಹತ್ತಿ ಕಾಯಿಕೊರಕಕ್ಕ ಇನ್ನೊಂದು ಅಂತ ಕೊಟ್ಟಾರ. ಎರಡರಾಗೂ ಕರೀ ಚುಕ್ಕಿ, ಲೆನ್ಸ್ ಹಿಡಿದು ನೋಡಿದ್ರೂ ಹುಳ ಒಂದೇ ಥರಾ. ಖರೇನ ಬ್ಯಾರೆ ಜಾತಿನಾ? ಹೆಂಗ ಕಂಡುಹಿಡೀತಾರ?
- ಒಬ್ಬ ರೈತ, ಸಿಂಧನೂರು ತಾಲೂಕು

ಉತ್ತರ: ಬ್ಯಾರೇನ ರೀ. ನೆಲ್ಲಿಗೆ ಸಾಮಾನ್ಯ ಕೊಡೋದು ಟ್ರೈಕೋಗ್ರಾಮಾ ಜಪೋನಿಕಂ, ಹತ್ತಿಗೆ ಟ್ರೈಕೋಗ್ರಾಮಾ ಕಿಲೋನಿಸ್. ಕರೀ ಚುಕ್ಕಿ ನೋಡಿ ಏನೂ ಹೇಳಾಕ ಬರಂಗಿಲ್ಲ, ಯಾಕಂದ್ರ ಅವು ಅಕ್ಕಿ ಪತಂಗದ ತತ್ತಿ, ಈ ಕಣಜ ಒಳಗ ತನ್ನ ತತ್ತಿ ಇಟ್ಟು ಮರಿ ಬೆಳೆದ್ರ ಮೂರು-ನಾಕು ದಿನಕ್ಕ ಕರ್ರಗಾಗ್ತಾವ, ಯಾವ ಜಾತಿ ಇದ್ರೂ ಅಷ್ಟ. ಕಣಜದ ಉದ್ದ ಅರ್ಧ ಮಿಲಿಮೀಟರ್ ಆಜೂಬಾಜು, ಸಾಸಿವಿ ಕಾಳಿಗಿಂತ ಎಷ್ಟೋ ಸಣ್ಣದು. ಬಣ್ಣ ನಂಬೂಹಂಗಿಲ್ಲ, ಬಿಸಲು-ಥಂಡಿ ಮ್ಯಾಲೆ ಬದಲಾಗ್ತೈತಿ. ಸೈಜೂ ನಂಬೂಹಂಗಿಲ್ಲ, ದೊಡ್ಡ ತತ್ತಿಯಾಗ ಬೆಳೆದದ್ದು ದೊಡ್ಡದು, ಸಣ್ಣದರಾಗ ಬೆಳೆದದ್ದು ಸಣ್ಣದು.

ಮತ್ತ ಏನ್ ನೋಡ್ತಾರ ಅಂದ್ರ, ಗಂಡು ಹುಳಾನ ಗಾಜಿನ ಸ್ಲೈಡ್ ಮ್ಯಾಲೆ ಕೂಡಿಸಿ, ಮೀಸಿ ಮ್ಯಾಲಿನ ಕೂದಲಾ ಎಷ್ಟು ಉದ್ದ, ರೆಕ್ಕಿ ಅಂಚಿನ ಝಾಲರ ಹೆಂಗೈತಿ, ಮುಖ್ಯ ಅಂದ್ರ ಅದರ ಜನನಾಂಗದ ಆಕಾರ. ನಾಚಿಕಿ ಮಾತಲ್ರಿ ಇದು, ಜಾತಿ ಗುರುತಿನ ಗಟ್ಟಿ ಸಾಕ್ಷಿ ಅದ! ಇದನ್ನ ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನಾಗ ಕೆಲಸ ಮಾಡ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ, 1968-71ರ ಸುಮಾರಿಗೆ. ಅದಕ್ಕಿಂತ ಮುಂಚಿನ ನಮ್ಮ ಕೃಷಿ ಪುಸ್ತಕದಾಗ ಇದಾ ಕಿಲೋನಿಸ್ ಆಸ್ಟ್ರಾಲಿಕಂ ಅನ್ನೋ ಹೆಸರಿನ್ಯಾಗ ಓಡಾಡಿದ್ದೈತಿ.

ಆದ್ರ ಗಂಡಾ ಇಲ್ದಿದ್ರ? ವೋಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಕೆಲವು ಟ್ರೈಕೋಗ್ರಾಮಾ ತಳಿಯೊಳಗ ಹೊಕ್ಕಿರ್ತೈತಿ, ಅಂಥ ತಳಿಯಾಗ ಕೂಡುವಿಕಿ ಇಲ್ಲದನಾ ಹೆಣ್ಣು ಹೆಣ್ಣನ್ನ ಹಡೀತೈತಿ, ಗಂಡು ಹುಟ್ಟೂದಿಲ್ಲ, ಸ್ಲೈಡ್ ಮಾಡಾವ್ರು ಕೈ ಕಟ್ಟಿ ಕುಂದರಬೇಕು. ಅಲ್ಲಿ ಡಿಎನ್‌ಎ ಬೇಕಾಗ್ತೈತಿ. ಐಟಿಎಸ್-2 ಅನ್ನೋ ತುಣುಕು ಜಾತಿಯಿಂದ ಜಾತಿಗೆ ಉದ್ದದಾಗೂ ಅಕ್ಷರದಾಗೂ ಬ್ಯಾರೆ ಇರ್ತೈತಿ, ಪಿಸಿಆರ್ (ಆ ತುಣುಕಿನ ಪ್ರತಿ ಹೆಚ್ಚಿಸೋ ವಿಧಾನ) ಮಾಡಿ ಓದಿದ್ರ ಹೆಣ್ಣಾದ್ರೇನು, ಗಂಡಾದ್ರೇನು, ಮರಿ ಆದ್ರೇನು.

ಪ್ರಶ್ನೆ: ಡಿಎನ್‌ಎ ಇದ್ದ ಮ್ಯಾಲೆ ಇನ್ನೂ ಮೈಕ್ರೋಸ್ಕೋಪ್ ಯಾಕ್ರಿ?
- ವಿದ್ಯಾರ್ಥಿ, ಕೊಪ್ಪಳ

ಉತ್ತರ: ಡಿಎನ್‌ಎ ಹೋಲಿಸಾಕ ಹೆಸರು ಗೊತ್ತಿರೋ ಒಂದು ಡಿಎನ್‌ಎ ಬೇಕಲ್ಲೋ ತಮ್ಮಾ. ಡೇಟಾಬೇಸ್‌ನ್ಯಾಗ ಯಾರೋ ತಪ್ಪು ಹೆಸರು ಹಚ್ಚಿ ಹಾಕಿದ್ರ ನೀನೂ ಅದನ್ನಾ ನಂಬ್ತಿ. ಹಳೇ ಹೆಸರೆಲ್ಲ ನಿಂತಿರೋದು ಮ್ಯೂಸಿಯಂನ ಹಳೇ ಹುಳದ ಮ್ಯಾಲೆ, ಅದರ ಡಿಎನ್‌ಎ ಎಷ್ಟೋ ಸಲ ಕೆಟ್ಟಿರ್ತೈತಿ, ಮೈ ಮಾತ್ರ ಉಳಿದಿರ್ತೈತಿ. ಹೆಸರು ಹೆಂಗ ತಪ್ಪತಾವ ನೋಡು, ಹತ್ತಿ ಹಿಟ್ಟು ತಿಗಣೆ ತಿನ್ನೋ ಏನಾಸಿಯಸ್ ಕಣಜಕ್ಕ 2009ರಾಗ ಹೊಸಾ ಜಾತಿ ಅಂತ ಬಂಬಾವಲೇಯಿ ಅಂತ ಹೆಸರಿಟ್ರು, 2014ರಾಗ ನೋಡಿದ್ರ ಅದು ಅಮೆರಿಕಾದಿಂದ ಯಾವಾಗಲೋ ವರ್ಣಿಸಿದ್ದ ಅರಿಜೋನೆನ್ಸಿಸ್. ನನ್ನ ಕೇಳಿದ್ರ ಎರಡೂ ಬೇಕು, ಅದೂ ಒಂದಾ ಹುಳದಿಂದ. ಈಗ ಮೈ ಪುಡಿ ಮಾಡದಾ ಡಿಎನ್‌ಎ ತಗೊಂಡು, ಉಳಿದ ಚಿಪ್ಪನ್ನ ಸ್ಲೈಡ್‌ಗೆ ಹಾಕೋ ಪದ್ಧತಿ ಐತಿ.

ಸಿಂಧನೂರಿನವ್ರಿಗೆ ಇನ್ನೊಂದ್ ಮಾತು. ಕಾರ್ಡ್ ಬಗ್ಗೆ ಅನುಮಾನ ಇದ್ರ ಒಂದು ತುಂಡು ಕತ್ತರಿಸಿ ಸಣ್ಣ ಬಾಟ್ಲಿಯಾಗ ಹಾಕಿ ಬಾಯಿಗೆ ಹತ್ತಿ ಅರಳಿ ತುರುಕ್ರಿ, ಹುಳ ಹೊರಗ ಬಂದ ಮ್ಯಾಲೆ ಗಟ್ಟಿ ಆಲ್ಕೋಹಾಲ್ ಹಾಕಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವ್ರನ್ನ ಕೇಳ್ರಿ. ಚೀಟಿ ಮಾತ್ರ ಪೆನ್ಸಿಲ್‌ನಾಗ ಬರೀರಿ, ಪೆನ್ನಿನ ಮಸಿ ಆಲ್ಕೋಹಾಲ್‌ನಾಗ ಕರಗಿ ಹೋಗ್ತೈತಿ.